ಕೀಲಿ ತಿರುಗಿಸುವ ಮೊದಲೇ ಫೋನಿಗೊಂದು ವ್ಯವಸ್ಥೆ ಮಾಡಿ

ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದು ಎಂದು ಗೊತ್ತಿಲ್ಲದವರಿಲ್ಲ. ಗೊತ್ತಿದ್ದೂ ಮುಟ್ಟುತ್ತೇವೆ. ಜೇಬಿನಲ್ಲಿ ಫೋನ್ ನಡುಗಿದೊಡನೆ ‘ಯಾರಿರಬಹುದು’ ಎಂಬ ಪ್ರಶ್ನೆ ತಲೆಯೊಳಗೆ ಏಳುತ್ತದೆ. ಅದನ್ನು ಹತ್ತಿಕ್ಕಿಕೊಂಡು ಇನ್ನೂ ಹತ್ತು ಕಿಲೋಮೀಟರ್ ಓಡಿಸುವುದು ಯಾರಿಗೂ ಸುಲಭವಲ್ಲ. ಹಾಗಾಗಿ ‘ರಸ್ತೆಯಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ’ ಅನ್ನುವುದು ಎರಡು ದಿನದ ಮಾತು. ಆ ಪ್ರಶ್ನೆಯೇ ಏಳದ ಹಾಗೆ, ಗಾಡಿ ಇನ್ನೂ ಮನೆ ಮುಂದೆ ನಿಂತಿರುವಾಗಲೇ ಏರ್ಪಾಡು ಮಾಡಿಕೊಳ್ಳಬೇಕು. ಒಂದು ಸಲ ಕೂತು ಹತ್ತು ನಿಮಿಷ ಸೆಟ್ಟಿಂಗ್ ಮಾಡಿಟ್ಟರೆ, ಆಮೇಲೆ ಪ್ರತಿ ಪ್ರಯಾಣಕ್ಕೆ ಎರಡು ನಿಮಿಷ ಸಾಕು.

ಮೂರು ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕ್ರಿಕೆಟ್ ಪಿಚ್ಚಿನ ಉದ್ದಕ್ಕೆ ಮೂರು ಮೀಟರ್ ಮಾತ್ರ ಕಡಿಮೆ. ಯಾರ ಕರೆ ಎಂದು ಪರದೆ ನೋಡಿ ತಲೆ ಎತ್ತುವುದಕ್ಕೆ ಮೂರು ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಗಾಡಿ 50 ಮೀಟರ್ ದಾಟಿರುತ್ತದೆ. 80ರಲ್ಲಿ 67 ಮೀಟರ್, 100ರಲ್ಲಿ 83 ಮೀಟರ್. ಊರೊಳಗಿನ 40ರ ವೇಗದಲ್ಲೂ 33 ಮೀಟರ್ ಆಗುತ್ತದೆ. ಶಾಲೆಯ ಮುಂದೆ ಒಂದು ಮಗು ಓಡಿ ರಸ್ತೆ ದಾಟಲು ಅಷ್ಟು ದೂರ ಬೇಕಾಗಿಲ್ಲ.

ಇದು ಕಣ್ಣು ಬೇರೆಡೆ ಇದ್ದ ದೂರ ಮಾತ್ರ. ಬ್ರೇಕಿನ ಲೆಕ್ಕ ಇದರ ಮೇಲೆ ಸೇರಬೇಕು. 60ರಲ್ಲಿ ಎದುರಿನ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್, ಅಂದರೆ 17 ಮೀಟರ್. ಬ್ರೇಕ್ ಹಿಡಿದು ನಿಲ್ಲಲು ಒಣ ಡಾಂಬರಿನಲ್ಲಿ, ಟೈರ್ ಚೆನ್ನಾಗಿದ್ದರೆ, ಇನ್ನು ಸುಮಾರು 20 ಮೀಟರ್. ಮಳೆಯ ರಸ್ತೆಯಲ್ಲಿ 35 ಮೀಟರ್ ಮುಟ್ಟುತ್ತದೆ. ನೋಡಿಕೊಂಡು ಓಡಿಸುವವರಿಗೆ 37 ಮೀಟರಿನಲ್ಲಿ ನಿಲ್ಲುವ ಕಾರು, ಫೋನ್ ನೋಡಿದವರಿಗೆ 87 ಮೀಟರಿಗೆ ನಿಲ್ಲುತ್ತದೆ. ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ನಡುವಿನ ಆ 50 ಮೀಟರನ್ನು ಅದು ತಂದುಕೊಡುವುದಿಲ್ಲ.

ಕಣ್ಣು ರಸ್ತೆಯ ಮೇಲಿದ್ದರೆ ಸಾಕಲ್ಲ, ಬ್ಲೂಟೂತ್‌ನಲ್ಲಿ ಮಾತಾಡಿದರೆ ಏನಾಯಿತು ಎಂದು ಬಹಳ ಜನ ಕೇಳುತ್ತಾರೆ. ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೀಡಾಗಿದ್ದ 699 ಚಾಲಕರ ಫೋನ್ ಬಿಲ್ ತೆಗೆದು ನೋಡಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಕರೆಯಲ್ಲಿದ್ದಾಗ ಅಪಘಾತದ ಸಂಭವ ನಾಲ್ಕು ಪಟ್ಟು ಎಂದು ಅದರಲ್ಲಿ ಕಂಡಿತು. ಹ್ಯಾಂಡ್ಸ್‌ಫ್ರೀ ಬಳಸಿದವರು ಹೆಚ್ಚು ಸುರಕ್ಷಿತ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಮಾತು ಮನಸ್ಸನ್ನು ಎಳೆದುಕೊಂಡಾಗ ಕಣ್ಣು ತೆರೆದಿದ್ದರೂ ಎದುರಿನದು ಗಮನಕ್ಕೆ ಬರುವುದಿಲ್ಲ ಎಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಸಿಮ್ಯುಲೇಟರಿನ ಮೇಲೆ ಪರೀಕ್ಷೆ ಮಾಡಿ ತೋರಿಸಿದ್ದಾರೆ. ‘ನೋಡಿದೆ, ಆದರೆ ಕಾಣಲಿಲ್ಲ’ ಎಂದು ಡಿಕ್ಕಿಯಾದ ಮೇಲೆ ಚಾಲಕರು ಹೇಳುವುದು ಎಷ್ಟೋ ಸಲ ನಿಜವೇ ಆಗಿರುತ್ತದೆ. ಕರೆ ಮುಗಿಸಿದ ಕೂಡಲೇ ಗಮನ ಪೂರ್ತಿ ಮರಳುವುದೂ ಇಲ್ಲ. ಕಾರಿನ ಧ್ವನಿ ಆದೇಶಗಳ ಮೇಲೆ 2015ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎಎಎ ಫೌಂಡೇಶನ್ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಕೆಲಸ ಮುಗಿದ ಮೇಲೂ 27 ಸೆಕೆಂಡಿನವರೆಗೆ ಮನಸ್ಸು ಅಲ್ಲೇ ತೊಡಗಿದ್ದದ್ದು ಕಂಡಿತ್ತು.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದೂ ಹಾಗೇ ಅಲ್ಲವೇ? ಅಲ್ಲ. ಪಕ್ಕದವರಿಗೆ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದಾಗ ಅವರು ತಾವಾಗಿಯೇ ಮಾತು ನಿಲ್ಲಿಸುತ್ತಾರೆ, ‘ನೋಡು ನೋಡು’ ಅನ್ನುತ್ತಾರೆ. ಫೋನಿನ ಆ ಕಡೆ ಇರುವವರಿಗೆ ನಿಮ್ಮೆದುರು ಲಾರಿ ಇದೆಯೆಂದು ಗೊತ್ತಿಲ್ಲ. ಅವರು ಉತ್ತರಕ್ಕೆ ಕಾಯುತ್ತಿರುತ್ತಾರೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2021ರಲ್ಲಿ ಫೋನ್ ಬಳಕೆಯಿಂದ ಆದ ಅಪಘಾತಗಳು 1,997, ಸತ್ತವರು 1,040. ಇದು ದಾಖಲಾದಷ್ಟು ಮಾತ್ರ. ಡಿಕ್ಕಿಯಾದ ಮೇಲೆ ‘ಫೋನ್ ನೋಡುತ್ತಿದ್ದೆ’ ಎಂದು ಯಾರೂ ಬಾಯಿಬಿಡುವುದಿಲ್ಲ, ಪ್ರಕರಣ ಅತಿವೇಗದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಒಂದು ಸಲ ಮಾಡಿಡುವ ಸೆಟ್ಟಿಂಗ್

ಫೋನನ್ನು ಬರೀ ಸೈಲೆಂಟಿಗೆ ಹಾಕಿದರೆ ಸಾಲದು. ನಡುಗುವ ಫೋನ್ ಬಾರಿಸುವ ಫೋನಿನಷ್ಟೇ ಎಳೆಯುತ್ತದೆ, ಪರದೆ ಬೆಳಗಿದರೆ ಕಣ್ಣು ಅತ್ತ ಹೋಗೇ ಹೋಗುತ್ತದೆ. ಸದ್ದು, ನಡುಕ, ಬೆಳಕು ಮೂರೂ ನಿಲ್ಲಬೇಕು.

ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಫೋಕಸ್‌ಗೆ ಹೋಗಿ, ಮೇಲಿನ ಪ್ಲಸ್ ಗುರುತು ಒತ್ತಿ ‘ಡ್ರೈವಿಂಗ್’ ಆರಿಸಿ. ಅದು ತಾನಾಗಿಯೇ ಯಾವಾಗ ಶುರುವಾಗಬೇಕು ಎಂದು ಕೇಳುತ್ತದೆ. ಕಾರಿನಲ್ಲಿ ಬ್ಲೂಟೂತ್ ಇದ್ದರೆ ‘ಕಾರ್ ಬ್ಲೂಟೂತ್‌ಗೆ ಕನೆಕ್ಟ್ ಆದಾಗ’ ಎಂಬುದೇ ಒಳ್ಳೆಯ ಆಯ್ಕೆ. ‘ಆಟೋಮ್ಯಾಟಿಕಲಿ’ ಇಟ್ಟರೆ ನೀವು ಬಸ್ಸಿನಲ್ಲಿ, ಆಟೋದಲ್ಲಿ ಕೂತಾಗಲೂ ಶುರುವಾಗುತ್ತದೆ. ಆಗ ‘ಐ ಆ್ಯಮ್ ನಾಟ್ ಡ್ರೈವಿಂಗ್’ ಒತ್ತಿ ಬಿಡಿಸಿಕೊಳ್ಳಬೇಕು. ಗಾಡಿ ಓಡಿಸುವಾಗ ಅದೇ ಗುಂಡಿ ಒತ್ತುವ ಅಭ್ಯಾಸ ಬಿದ್ದರೆ ಇಡೀ ಏರ್ಪಾಡು ವ್ಯರ್ಥ. ಬೈಕಿನವರು ಕಂಟ್ರೋಲ್ ಸೆಂಟರಿನಿಂದ ಕೈಯಾರೆ ಆನ್ ಮಾಡಿಕೊಳ್ಳುವುದು ಮೇಲು. ಅಲ್ಲೇ ಕೆಳಗೆ ‘ಆಟೋ ರಿಪ್ಲೈ’ ಇದೆ. ಯಾರಿಗೆ ಹೋಗಬೇಕು ಎಂಬಲ್ಲಿ ‘ಫೇವರಿಟ್ಸ್’ ಇಟ್ಟು, ಒಕ್ಕಣೆಯನ್ನು ಕನ್ನಡದಲ್ಲೇ ಬರೆದಿಡಿ: ‘ಗಾಡಿ ಓಡಿಸ್ತಾ ಇದ್ದೀನಿ. ನಿಲ್ಲಿಸಿದ ಮೇಲೆ ನಾನೇ ಫೋನ್ ಮಾಡ್ತೀನಿ.’ ಈ ಉತ್ತರ ಸಾದಾ ಮೆಸೇಜಾಗಿ ಹೋಗುತ್ತದೆ, ವಾಟ್ಸ್ಆ್ಯಪಿನಲ್ಲಿ ಅಲ್ಲ.

ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ದಾರಿ. ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ‘ಮೋಡ್ಸ್ ಆ್ಯಂಡ್ ರೊಟೀನ್ಸ್’ನಲ್ಲಿ ‘ಡ್ರೈವಿಂಗ್’ ಇರುತ್ತದೆ. ಕಾರಿನ ಬ್ಲೂಟೂತ್ ಕನೆಕ್ಟ್ ಆದಾಗ ಶುರುವಾಗಲಿ ಎಂದು ಹೇಳಿ, ಡು ನಾಟ್ ಡಿಸ್ಟರ್ಬ್ ಜೋಡಿಸಿ. ಪಿಕ್ಸೆಲ್‌ನಲ್ಲಿ ಡು ನಾಟ್ ಡಿಸ್ಟರ್ಬ್‌ನ ಶೆಡ್ಯೂಲ್‌ಗಳಲ್ಲಿ ಅಥವಾ ಹೊಸ ಆವೃತ್ತಿಗಳ ‘ಮೋಡ್ಸ್’ನಲ್ಲಿ ಸಿಗುತ್ತದೆ. ಉಳಿದ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಡ್ರೈವಿಂಗ್’ ಎಂದು ಬರೆದು ನೋಡಿ. ಏನೂ ಬರದಿದ್ದರೆ ಡು ನಾಟ್ ಡಿಸ್ಟರ್ಬ್ ಗುರುತನ್ನು ಪರದೆ ಮೇಲಿಂದ ಎಳೆಯುವ ಪಟ್ಟಿಯ ಮೊದಲ ಸಾಲಿಗೆ ತಂದಿಡಿ. ಒಂದು ಎಳೆತ, ಒಂದು ಒತ್ತು. ಅಷ್ಟು ಸುಲಭವಾಗದಿದ್ದರೆ ಯಾರೂ ದಿನಾ ಮಾಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಡು ನಾಟ್ ಡಿಸ್ಟರ್ಬ್‌ನಲ್ಲಿ ‘ರಿಪೀಟ್ ಕಾಲರ್ಸ್’ ಎಂಬುದಿದೆ. ಒಂದೇ ನಂಬರಿನಿಂದ ಎರಡನೇ ಸಲ ಕರೆ ಬಂದರೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನಿನಲ್ಲಿ 3 ನಿಮಿಷದೊಳಗೆ, ಅದು ಬಾರಿಸುತ್ತದೆ. ತುರ್ತಿಗೆಂದು ಇಟ್ಟ ಸೌಲಭ್ಯ ಇದು. ಆದರೆ ನಮ್ಮಲ್ಲಿ ಫೋನ್ ಎತ್ತದಿದ್ದರೆ ಮರುಕ್ಷಣವೇ ಇನ್ನೊಂದು ಸಲ ಹಚ್ಚುವುದು ಎಲ್ಲರ ರೂಢಿ. ಹಾಗಾಗಿ ಇದನ್ನು ಆನ್ ಇಟ್ಟರೆ ಎಲ್ಲ ಕರೆಗಳೂ ಒಳಗೆ ಬರುತ್ತವೆ. ಆಫ್ ಮಾಡಿ, ಮನೆಯ ಇಬ್ಬರು ಮೂವರ ನಂಬರಿಗೆ ಮಾತ್ರ ಒಳಗೆ ಬರುವ ಅನುಮತಿ ಕೊಡಿ. ಅವರಿಗೆ ಬಾಯಲ್ಲೇ ಹೇಳಿಡಿ: ‘ನಾನು ಆಫೀಸಿಗೆ ಹೋಗುವ ಬರುವ ಹೊತ್ತಲ್ಲಿ ಆಸ್ಪತ್ರೆ, ಪೊಲೀಸ್ ಅಂಥ ವಿಷಯಕ್ಕೆ ಮಾತ್ರ ಕರೆ ಮಾಡಿ.’ ಆ ಕರೆ ಬಂದರೂ ಗಾಡಿ ನಿಲ್ಲಿಸಿದ ಮೇಲೆಯೇ ಎತ್ತುವುದು.

ಕೈಯಲ್ಲಿ ಸ್ಮಾರ್ಟ್ ವಾಚ್ ಕಟ್ಟಿದ್ದರೆ ಅದನ್ನೂ ಫೋನಿನ ಜೊತೆ ಮೌನವಾಗುವಂತೆ ಹೊಂದಿಸಿ. ಜೇಬಿನ ನಡುಕ ನಿಲ್ಲಿಸಿ ಮಣಿಕಟ್ಟಿನ ನಡುಕ ಬಿಟ್ಟರೆ, ಬೈಕಿನ ಹ್ಯಾಂಡಲ್ ಹಿಡಿದ ಕೈಯನ್ನೇ ತಿರುಗಿಸಿ ನೋಡುತ್ತೀರಿ.

ಅಂಗಡಿ, ಗ್ಯಾರೇಜು, ಟ್ರಾವೆಲ್ಸ್ ನಡೆಸುವವರಿಗೆ ಗಿರಾಕಿ ತಪ್ಪಿಹೋಗುತ್ತಾರೆ ಎಂಬ ಆತಂಕ ನಿಜವಾದದ್ದು. ವಾಟ್ಸ್ಆ್ಯಪ್ ಬಿಸಿನೆಸ್ ಉಚಿತ. ಅದರಲ್ಲಿ ‘ಅವೇ ಮೆಸೇಜ್’ ಬರೆದಿಟ್ಟರೆ ಮೆಸೇಜ್ ಕಳಿಸಿದವರಿಗೆ ತಾನಾಗಿಯೇ ಉತ್ತರ ಹೋಗುತ್ತದೆ. ‘ಪ್ರಯಾಣದಲ್ಲಿದ್ದೇನೆ, 11 ಗಂಟೆಯ ಮೇಲೆ ನಾನೇ ಕರೆ ಮಾಡುತ್ತೇನೆ’ ಎಂದು ಸಮಯ ಹಾಕಿದರೆ ಬಹುಪಾಲು ಗಿರಾಕಿಗಳು ಕಾಯುತ್ತಾರೆ. ಸಮಯ ಹಾಕದಿದ್ದರೆ ಮತ್ತೆ ಮತ್ತೆ ಕರೆ ಮಾಡುತ್ತಾರೆ.

‘ಎಲ್ಲಿದ್ದೀಯಾ?’ ಎಂಬ ಕರೆ

ದಾರಿಯಲ್ಲಿ ಬರುವ ಕರೆಗಳಲ್ಲಿ ಹೆಚ್ಚಿನವು ವ್ಯವಹಾರದ್ದಲ್ಲ. ‘ಎಲ್ಲಿದ್ದೀಯಾ, ಎಷ್ಟೊತ್ತಿಗೆ ಬರ್ತೀಯಾ, ಬರುವಾಗ ಮೊಸರು ತಗೊಂಡ್ ಬಾ’ ಇಷ್ಟೇ. ಪ್ರೀತಿಯಿಂದ ಮಾಡುವ ಕರೆ ಇದು, ಅದಕ್ಕೇ ಎತ್ತದೆ ಇರಲು ಮನಸ್ಸಾಗುವುದಿಲ್ಲ. ಇದಕ್ಕೆ ಉತ್ತರವನ್ನು ಹೊರಡುವಾಗಲೇ ಕೊಟ್ಟುಬಿಡಿ.

ಗೂಗಲ್ ಮ್ಯಾಪಿನಲ್ಲಿ ದಾರಿ ಶುರು ಮಾಡಿದ ಮೇಲೆ ಕೆಳಗಿನ ಪಟ್ಟಿಯನ್ನು ಮೇಲಕ್ಕೆ ಎಳೆದರೆ ‘ಶೇರ್ ಟ್ರಿಪ್ ಪ್ರೋಗ್ರೆಸ್’ ಸಿಗುತ್ತದೆ. ಮನೆಯವರಿಗೆ ಕಳಿಸಿದರೆ ನೀವು ಎಲ್ಲಿದ್ದೀರಿ, ಎಷ್ಟು ಗಂಟೆಗೆ ತಲುಪುತ್ತೀರಿ ಎಲ್ಲ ಅವರ ಫೋನಿನಲ್ಲೇ ಕಾಣುತ್ತದೆ, ನೀವು ತಲುಪಿದ ಮೇಲೆ ತಾನಾಗಿ ನಿಲ್ಲುತ್ತದೆ. ದಿನದ ದಾರಿಗೆ ಮ್ಯಾಪ್ ಹಾಕದವರು ವಾಟ್ಸ್ಆ್ಯಪಿನ ಲೈವ್ ಲೊಕೇಶನ್ ಕಳಿಸಬಹುದು. ಅದರಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಅವಧಿಗಳಿವೆ. ಬೆಂಗಳೂರಿನ ಸಂಜೆಗೆ 15 ನಿಮಿಷ ಸಾಲದು, 1 ಗಂಟೆಯದ್ದೇ ಇಡಿ. ಮೊಸರಿನ ಪಟ್ಟಿಯನ್ನು ಹೊರಡುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ವಯಸ್ಸಾದ ಅಪ್ಪ ಅಮ್ಮನಿಗೆ ಲೊಕೇಶನ್ ತೆರೆದು ನೋಡುವುದು ಬಾರದಿರಬಹುದು. ಅವರಿಗೆ ಹೊರಡುವಾಗ ಒಂದು ಕರೆ: ‘ಅಮ್ಮಾ, ಈಗ ಹೊರಟೆ. ಎಂಟೂವರೆಗೆ ಮನೆಯಲ್ಲಿರ್ತೀನಿ. ಒಂಬತ್ತಾದರೂ ಬರದಿದ್ದರೆ ಮಾತ್ರ ಫೋನ್ ಮಾಡು.’ ಹೇಳುವ ಸಮಯಕ್ಕೆ ಅರ್ಧ ಗಂಟೆ ಹೆಚ್ಚೇ ಸೇರಿಸಿ ಹೇಳಿ.

ಹೊರಡುವ ಮುಂಚಿನ ಎರಡು ನಿಮಿಷ

ಸೀಟಿನಲ್ಲಿ ಕೂತು, ಎಂಜಿನ್ ಶುರು ಮಾಡುವ ಮೊದಲು:

1. ಬಂದಿರುವ ಮೆಸೇಜುಗಳನ್ನು ಒಮ್ಮೆ ನೋಡಿ ಮುಗಿಸಿ. ಅರ್ಧ ಓದಿದ ಮೆಸೇಜು ದಾರಿಯುದ್ದಕ್ಕೂ ಕಾಡುತ್ತದೆ.
2. ಮ್ಯಾಪಿನಲ್ಲಿ ಹೋಗುವ ಜಾಗ ಹಾಕಿ, ಇಡೀ ದಾರಿಯನ್ನು ಬೆರಳಿನಲ್ಲಿ ಎಳೆದು ನೋಡಿ. ದೊಡ್ಡ ತಿರುವು ಮೂರೋ ನಾಲ್ಕೋ ಇರುತ್ತವೆ, ನೆನಪಿಟ್ಟುಕೊಳ್ಳಿ.
3. ಧ್ವನಿ ಆನ್ ಇದೆಯೇ ನೋಡಿ. ಮ್ಯಾಪಿನ ಸೆಟ್ಟಿಂಗ್ಸ್‌ನಲ್ಲಿ ಧ್ವನಿಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು.
4. ಹೆದ್ದಾರಿಗೆ ಹೋಗುವುದಿದ್ದರೆ ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯೇ ನೋಡಿಕೊಳ್ಳಿ. ಟೋಲ್ ಸಾಲಿನಲ್ಲಿ ಮುಂದಕ್ಕೆ ಉರುಳುತ್ತಲೇ ರೀಚಾರ್ಜ್ ಮಾಡಲು ಹೋಗಿ ಮುಂದಿನ ಕಾರಿಗೆ ತಾಗಿಸುವವರಿದ್ದಾರೆ.
5. ಹಾಡು ಬೇಕಿದ್ದರೆ ಪಟ್ಟಿಯನ್ನೇ ಹಾಕಿ, ಒಂದೊಂದು ಹಾಡು ಆರಿಸುವಂತಿರಬಾರದು.
6. ಡ್ರೈವಿಂಗ್ ಮೋಡ್ ಆನ್ ಮಾಡಿ. ಮ್ಯಾಪ್ ಬೇಡವಾದ ದಿನ ಫೋನ್ ಹಿಂದಿನ ಸೀಟಿನ ಬ್ಯಾಗಿಗೆ.

ಆರನೆಯದರಲ್ಲಿ ‘ಹಿಂದಿನ ಸೀಟು’ ಎಂದದ್ದು ಬೇಕೆಂದೇ. ಗೇರಿನ ಪಕ್ಕದ ಗೂಡಿನಲ್ಲಿ, ತೊಡೆಯ ಮೇಲೆ, ಪಕ್ಕದ ಸೀಟಿನಲ್ಲಿ ಇಟ್ಟ ಫೋನ್ ಕೈಗೆ ಸಿಗುತ್ತದೆ. ತೊಡೆಯ ಮೇಲಿಂದ ಜಾರಿ ಕಾಲ ಬುಡಕ್ಕೆ ಬಿದ್ದರೆ ಇನ್ನೂ ಅಪಾಯ. ಬಗ್ಗಿ ತೆಗೆಯಲು ಹೋದಾಗ ತಲೆ ಡ್ಯಾಶ್‌ಬೋರ್ಡಿಗಿಂತ ಕೆಳಗೆ ಹೋಗುತ್ತದೆ, ಕೈ ಸ್ಟೇರಿಂಗನ್ನು ತನ್ನತ್ತ ಎಳೆಯುತ್ತದೆ. ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿದ ಫೋನ್ ಬ್ರೇಕನ್ನೇ ಪೂರ್ತಿ ಒತ್ತಲು ಬಿಡದು. ಬಿದ್ದ ಫೋನನ್ನು ಬಿದ್ದಲ್ಲೇ ಬಿಟ್ಟು, ಗಾಡಿ ನಿಲ್ಲಿಸಿದ ಮೇಲೆ ತೆಗೆಯಿರಿ.

ಮ್ಯಾಪ್ ನೋಡಲೇಬೇಕಾದಾಗ

ಕೈಯಲ್ಲಿ ಹಿಡಿಯುವ ಫೋನನ್ನು ಚಾಲನೆಯ ವೇಳೆ ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕರ ಏಕಾಗ್ರತೆಗೆ ಭಂಗ ಬಾರದ ಹಾಗೆ, ಬಳಸಬಹುದು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. 2020ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಭಂಗ ಬಾರದಿರಬೇಕಾದರೆ ಫೋನ್ ಹೋಲ್ಡರಿನಲ್ಲಿರಬೇಕು.

ಹೋಲ್ಡರನ್ನು ಮುಂಗಾಜಿನ ನಡುವೆ ಅಂಟಿಸಬೇಡಿ. ಎಡದಿಂದ ದಾಟುವ ಪಾದಚಾರಿ ಸರಿಯಾಗಿ ಅದರ ಹಿಂದೆಯೇ ಮರೆಯಾಗುತ್ತಾರೆ. ಡ್ಯಾಶ್‌ಬೋರ್ಡಿನ ಮೇಲಂಚಿಗಿಂತ ತುಸು ಕೆಳಗೆ, ಸ್ಟೇರಿಂಗಿನ ಎಡಪಕ್ಕದಲ್ಲಿ, ತಲೆ ತಿರುಗಿಸದೆ ಕಣ್ಣು ಮಾತ್ರ ಸರಿಸಿದರೆ ಕಾಣುವಂತಿರಲಿ. ಏರ್‌ಬ್ಯಾಗ್ ಎಂದು ಬರೆದಿರುವ ಜಾಗದ ಮೇಲೆ ಏನನ್ನೂ ಕೂರಿಸಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಫೋನ್ ಮುಖಕ್ಕೆ ಹಾರಿ ಬರುತ್ತದೆ. ಬಿಸಿಲುಗಾಲದಲ್ಲಿ ಗಾಜಿನ ಹತ್ತಿರ ಇಟ್ಟ ಫೋನ್ ಕಾದು ಪರದೆ ಮಂಕಾಗುತ್ತದೆ, ಕೆಲವು ಸಲ ಆಫ್ ಆಗುತ್ತದೆ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್ ಬಿಸಿಲಿಗೆ ಇದು ಮಾಮೂಲು. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಹೋಲ್ಡರಾದರೆ ಫೋನ್ ತಂಪಾಗಿರುತ್ತದೆ. ಆದರೆ ಅಗ್ಗದ ಕ್ಲಿಪ್ಪು ಒಂದೆರಡು ಹಂಪ್ಸ್ ದಾಟುವಷ್ಟರಲ್ಲಿ ಜಾರಿ ಬೀಳುತ್ತದೆ, ತಿರುಪು ಬಿಗಿಮಾಡುವ ಕೊಕ್ಕೆ ಇರುವಂಥದ್ದನ್ನೇ ಕೊಳ್ಳಿ.

ಮ್ಯಾಪ್ ತಪ್ಪಿಸುವ ಜಾಗಗಳು ನಿಮಗೇ ಗೊತ್ತಿರುತ್ತವೆ. ಫ್ಲೈಓವರ್ ಹತ್ತಬೇಕೋ ಸರ್ವಿಸ್ ರಸ್ತೆ ಹಿಡಿಯಬೇಕೋ ಎಂಬಲ್ಲಿ ಧ್ವನಿ ಸ್ಪಷ್ಟವಾಗಿ ಹೇಳುವುದಿಲ್ಲ, ಕಣ್ಣು ಪರದೆಗೆ ಹೋಗುತ್ತದೆ, ಅದೇ ಹೊತ್ತಿಗೆ ಎರಡೂ ಕಡೆಯಿಂದ ಗಾಡಿಗಳು ನುಗ್ಗುತ್ತಿರುತ್ತವೆ. ಹೆಬ್ಬಾಳ, ಸಿಲ್ಕ್ ಬೋರ್ಡ್‌ಗಳಂಥ ಜಂಕ್ಷನ್ ದಾರಿಯಲ್ಲಿದ್ದರೆ, ಹತ್ತುವುದೋ ಕೆಳಗೆ ಹೋಗುವುದೋ ಎಂದು ಹೊರಡುವ ಮೊದಲೇ ಹಿಗ್ಗಿಸಿ ನೋಡಿಕೊಳ್ಳಿ. ತಿರುವು ತಪ್ಪಿದರೆ ಹೋಗಲಿ ಬಿಡಿ. ಮ್ಯಾಪ್ ಮತ್ತೊಂದು ದಾರಿ ತೋರಿಸುತ್ತದೆ, ಹತ್ತು ನಿಮಿಷ ತಡವಾಗುತ್ತದೆ. ಹೆದ್ದಾರಿಯಲ್ಲಿ ತಪ್ಪಿದ ತಿರುವಿಗೆ ಹಿಮ್ಮುಖ ಬರುವುದು ಸಾವಿನ ಕೆಲಸ.

ಘಾಟಿ ದಾರಿಗೆ ಹೊರಡುವ ಮುಂಚೆ ಮ್ಯಾಪನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿದರೆ ‘ಆಫ್‌ಲೈನ್ ಮ್ಯಾಪ್ಸ್’ ಇದೆ. ಚಾರ್ಮಾಡಿ, ಶಿರಾಡಿ, ಆಗುಂಬೆಯಂಥ ಕಡೆ ನೆಟ್‌ವರ್ಕ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತದೆ, ನಕ್ಷೆ ಫೋನಿನಲ್ಲಿದ್ದರೆ ದಾರಿ ಕಾಣುತ್ತದೆ. ಘಾಟಿಯದ್ದು ಇನ್ನೊಂದು ತೊಂದರೆ: ಅರ್ಧ ಗಂಟೆ ನೆಟ್‌ವರ್ಕ್ ಇಲ್ಲದೆ ಇದ್ದು, ತಿರುವೊಂದರಲ್ಲಿ ಸಿಗ್ನಲ್ ಸಿಕ್ಕಿದೊಡನೆ ತಡೆದಿದ್ದ ಮೆಸೇಜೆಲ್ಲ ಒಟ್ಟಿಗೆ ಸುರಿಯುತ್ತದೆ. ಅಷ್ಟೂ ಸದ್ದು ಕೇಳಿ ಏನೋ ಆಗಿಬಿಟ್ಟಿದೆ ಎಂದು ಗಾಬರಿಯಾಗುವುದು ಸಹಜ. ಡ್ರೈವಿಂಗ್ ಮೋಡ್ ಆನ್ ಇದ್ದರೆ ಆ ಸುರಿಮಳೆ ನಿಮಗೆ ಕೇಳುವುದೇ ಇಲ್ಲ.

ದ್ವಿಚಕ್ರದವರಿಗೆ ಬೇರೆಯೇ ಮಾತು

ಕಾರಿಗೆ ನಾಲ್ಕು ಚಕ್ರ, ಸುತ್ತ ತಗಡು. ಬೈಕಿನಲ್ಲಿ ಸಮತೋಲನ ಕಾಯುವವರೇ ನೀವು.

ಫೋನನ್ನು ಎಲ್ಲರೂ ಎಡಗೈಯಲ್ಲಿ ಹಿಡಿಯುತ್ತಾರೆ, ಬಲಗೈಯಲ್ಲಿ ಆಕ್ಸಿಲರೇಟರ್ ಇರುವುದರಿಂದ. ಸ್ಕೂಟರಿನಲ್ಲಿ ಎಡಗೈಯ ಲಿವರ್ ಹಿಂದಿನ ಬ್ರೇಕು. 2019ರ ನಂತರದ 125 ಸಿಸಿವರೆಗಿನ ಹೆಚ್ಚಿನ ಸ್ಕೂಟರುಗಳಲ್ಲಿ ಹಿಂದೆ ಮುಂದೆ ಎರಡೂ ಚಕ್ರಕ್ಕೆ ಬ್ರೇಕ್ ಹಂಚುವುದು ಅದೇ ಎಡ ಲಿವರ್. ಅದು ಕೈಗಿಲ್ಲದಿದ್ದರೆ ಉಳಿಯುವುದು ಬಲಗೈಯ ಮುಂದಿನ ಬ್ರೇಕ್ ಒಂದೇ. ಮರಳು, ಜಲ್ಲಿ, ಒದ್ದೆ ರಸ್ತೆಯ ಮೇಲೆ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಅದನ್ನು ಗಕ್ಕನೆ ಅದುಮಿದರೆ ಮುಂಚಕ್ರ ಜಾರುತ್ತದೆ. ಗೇರಿನ ಬೈಕಿನಲ್ಲಿ ಎಡಗೈ ಇಲ್ಲದಿದ್ದರೆ ಕ್ಲಚ್ ಇಲ್ಲ, ಗೇರ್ ಇಳಿಸುವ ಹಾಗಿಲ್ಲ. ಒಂದೇ ಕೈಯಲ್ಲಿ ಹಿಡಿದಾಗ ಗುಂಡಿಗೆ ಇಳಿದ ಚಕ್ರ ಹ್ಯಾಂಡಲನ್ನೇ ಕಿತ್ತುಕೊಂಡು ಹೋಗುತ್ತದೆ.

ಕುತ್ತಿಗೆ ವಾಲಿಸಿ ಭುಜಕ್ಕೆ ಫೋನ್ ಸಿಕ್ಕಿಸಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು. ವಾಲಿದ ತಲೆ ಒಂದು ಕಡೆಗೆ ತಿರುಗುವುದೇ ಇಲ್ಲ. ಆ ಬದಿಯ ಕನ್ನಡಿ, ಆ ಬದಿಯಿಂದ ಬರುವ ಬಸ್ಸು ಎರಡೂ ಕಾಣುವುದಿಲ್ಲ. ಹೆಲ್ಮೆಟ್ ಒಳಗೆ ಫೋನ್ ತುರುಕುವವರು ಅದು ಹಿಡಿಸಲೆಂದು ಪಟ್ಟಿ ಸಡಿಲ ಬಿಟ್ಟಿರುತ್ತಾರೆ. ಬಿದ್ದಾಗ ಆ ಹೆಲ್ಮೆಟ್ ತಲೆಗಿಂತ ಮೊದಲೇ ರಸ್ತೆ ಸೇರುತ್ತದೆ, ಗಟ್ಟಿ ಫೋನು ಕಿವಿಯ ಮೂಳೆಗೆ ಒತ್ತುತ್ತದೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿದರೆ ಹಿಂದಿನ ಲಾರಿಯ ಹಾರನ್, ಆ್ಯಂಬುಲೆನ್ಸಿನ ಸೈರನ್ ಕೇಳಿಸುವುದಿಲ್ಲ. ಹೊರಗಿನ ಸದ್ದನ್ನೇ ಅಳಿಸುವ ಇಯರ್‌ಬಡ್‌ಗಳಂತೂ ರಸ್ತೆಗೆ ಬರಲೇಬಾರದು.

ಬೈಕಿನಲ್ಲಿ ಹೊರಡುವವರು ಫೋನನ್ನು ಬೆನ್ನಿನ ಬ್ಯಾಗಿನಲ್ಲೋ ಜಾಕೆಟ್ಟಿನ ಒಳಜೇಬಿನಲ್ಲೋ ಇಟ್ಟು ಜಿಪ್ ಎಳೆದುಬಿಡಿ. ಮ್ಯಾಪಿಗಾಗಿ ಹ್ಯಾಂಡಲಿಗೆ ಹೋಲ್ಡರ್ ಹಾಕಿಸುವುದಾದರೆ ನಡುಕ ತಡೆಯುವ ರಬ್ಬರ್ ಇರುವುದನ್ನೇ ಹಾಕಿಸಿ. ಬೈಕಿನ ಎಂಜಿನ್ನಿನ ನಡುಕಕ್ಕೆ ಫೋನಿನ ಕ್ಯಾಮೆರಾದ ಸೂಕ್ಷ್ಮ ಭಾಗ ಕೆಡಬಹುದು ಎಂದು ಆ್ಯಪಲ್ ಕಂಪನಿಯೇ ಬಳಕೆದಾರರಿಗೆ ಎಚ್ಚರಿಸಿದೆ. ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹಾಕಿದರೂ ಹನಿ ಬಿದ್ದ ಪರದೆ ಬೆರಳಿಗೆ ಸರಿಯಾಗಿ ಓಗೊಡುವುದಿಲ್ಲ. ಒತ್ತುತ್ತಾ ಒತ್ತುತ್ತಾ ಕಣ್ಣು ಅಲ್ಲೇ ಉಳಿಯುತ್ತದೆ. ಮಳೆ ಬಂದರೆ ಫೋನ್ ಒಳಗಿಟ್ಟು, ದಾರಿ ಗೊತ್ತಾಗದಿದ್ದರೆ ನಿಲ್ಲಿಸಿ ಯಾರನ್ನಾದರೂ ಕೇಳಿ.

ನಿಲ್ಲಿಸುವ ಬಗೆ

ಕರೆ ತೆಗೆದುಕೊಳ್ಳಲೇಬೇಕು ಎಂದಾದರೆ ನಿಲ್ಲಿಸಿ. ಆದರೆ ಕಂಡಲ್ಲಿ ಗಕ್ಕನೆ ನಿಲ್ಲಿಸುವುದು ಇನ್ನೊಂದು ಅಪಘಾತಕ್ಕೆ ಕರೆ ಕೊಟ್ಟಂತೆ. ಕನ್ನಡಿ ನೋಡಿ, ಎಡ ಇಂಡಿಕೇಟರ್ ಹಾಕಿ, ನಿಧಾನಕ್ಕೆ ಎಡಕ್ಕೆ ಸರಿದು, ಡಾಂಬರಿನಿಂದ ಪೂರ್ತಿ ಕೆಳಗೆ ಇಳಿಸಿ. ಫ್ಲೈಓವರಿನ ಮೇಲೆ, ತಿರುವಿನಲ್ಲಿ, ಸೇತುವೆಯ ಮೇಲೆ, ಬಸ್ ನಿಲ್ದಾಣದ ಮುಂದೆ ನಿಲ್ಲಿಸಬೇಡಿ. ಹೆದ್ದಾರಿಯ ಅಂಚು ಸುರಕ್ಷಿತ ಎಂದು ನಂಬಬೇಡಿ, ರಾತ್ರಿ ನಿದ್ದೆಗಣ್ಣಿನ ಚಾಲಕರು ನಿಂತ ಗಾಡಿಯ ಹಿಂಬದಿಗೇ ಬಂದು ಗುದ್ದುತ್ತಾರೆ. ಮುಂದಿನ ಢಾಬಾ, ಪೆಟ್ರೋಲ್ ಬಂಕ್, ಟೋಲ್ ದಾಟಿದ ಮೇಲಿನ ಖಾಲಿ ಜಾಗದವರೆಗೆ ಹೋಗಿ. ಬಂಕಿನಲ್ಲಿ ಪಂಪಿನ ಬಳಿ ಅಲ್ಲ, ಗಾಳಿ ತುಂಬುವ ಕಡೆ ನಿಲ್ಲಿಸಿ ಮಾತಾಡಿ.

ಕೆಂಪು ಸಿಗ್ನಲ್ ಬಿಡುವಿನ ಸಮಯವಲ್ಲ. ಹಸಿರಾದಾಗ ಹಿಂದಿನವರ ಹಾರನ್ ಕೇಳಿ ತಲೆ ಎತ್ತಿ, ಅಕ್ಕಪಕ್ಕ ನೋಡದೆ ನುಗ್ಗುತ್ತೇವೆ. ಆಗಲೇ ಕೊನೆಯ ಕ್ಷಣದಲ್ಲಿ ದಾಟುತ್ತಿರುವ ಮುದುಕರು ಕಾರಿನ ಮುಂದಿರುತ್ತಾರೆ.

ಆಟೋ, ಕ್ಯಾಬ್, ಡೆಲಿವರಿ

ಫೋನೇ ಇವರ ಅನ್ನ. ‘ಫೋನ್ ಬ್ಯಾಗಿಗೆ ಹಾಕಿ’ ಎಂದು ಇವರಿಗೆ ಹೇಳಿದರೆ ಅರ್ಥವಿಲ್ಲ. ಕೆಲವೇ ಸೆಕೆಂಡಿನಲ್ಲಿ ಒಪ್ಪಿಕೊಳ್ಳದಿದ್ದರೆ ಆರ್ಡರು ಬೇರೆಯವರಿಗೆ ಹೋಗುವ ಹಾಗೆ ಆ್ಯಪು ಕಟ್ಟಿರುವಾಗ, ತಪ್ಪೆಲ್ಲ ಚಾಲಕರದ್ದೇ ಎನ್ನುವುದು ನ್ಯಾಯವೂ ಅಲ್ಲ. ಆದರೂ ಅಪಾಯ ಕಡಿಮೆ ಮಾಡುವ ಕೆಲವು ರೂಢಿಗಳಿವೆ. ಓಡಾಡುತ್ತಾ ಆರ್ಡರಿಗೆ ಕಾಯುವ ಬದಲು ಒಂದು ಜಾಗ ನೋಡಿ ನಿಂತು ಕಾಯಿರಿ, ಪೆಟ್ರೋಲೂ ಉಳಿಯುತ್ತದೆ. ಗಿರಾಕಿಗೆ ಮಾಡುವ ಕರೆಯನ್ನು ಹೋಟೆಲಿನ ಮುಂದೆ, ಹೊರಡುವ ಮೊದಲೇ ಮುಗಿಸಿ: ‘ಮೇಡಂ, ಹೊರಟಿದ್ದೀನಿ, ಗೇಟ್ ಹತ್ತಿರ ಬಂದು ಕರೆ ಮಾಡ್ತೀನಿ.’ ಹೊಸ ಟ್ರಿಪ್ ಬಾರದಂತೆ ತಡೆಯುವ ಗುಂಡಿ ನಿಮ್ಮ ಆ್ಯಪಿನಲ್ಲಿದ್ದರೆ, ಪ್ರಯಾಣಿಕರು ಗಾಡಿಯಲ್ಲಿರುವಾಗ ಅದನ್ನು ಬಳಸಿ.

ಇದರಲ್ಲಿ ದೊಡ್ಡ ಪಾಲು ಗಿರಾಕಿಯದ್ದು. ಊಟ ತರಿಸುವವರು ವಿಳಾಸದಲ್ಲಿ ಮನೆ ನಂಬರು, ಅಡ್ಡರಸ್ತೆ, ಹತ್ತಿರದ ದೇವಸ್ಥಾನವೋ ಬೇಕರಿಯೋ ಬರೆದು, ಪಿನ್ನನ್ನು ಗೇಟಿನ ಮೇಲೆಯೇ ಇಡಿ. ಬೈಕ್ ಚಲಿಸುತ್ತಿರುವುದು ನಕ್ಷೆಯಲ್ಲಿ ಕಾಣುತ್ತಿರುವಾಗ ‘ಎಲ್ಲಿದ್ದೀಯಪ್ಪಾ’ ಎಂದು ಕರೆ ಮಾಡಬೇಡಿ. ಆ ಹುಡುಗ ಕರೆ ಎತ್ತುತ್ತಾನೆ, ರೇಟಿಂಗಿನ ಭಯಕ್ಕೆ ಎತ್ತಲೇಬೇಕು. ಎಡಗೈ ಬ್ರೇಕ್ ಬಿಟ್ಟು ನಿಮ್ಮ ಕರೆಗೆ ಬರುತ್ತದೆ.

ನೀವು ಹತ್ತಿದ ಆಟೋ, ಕ್ಯಾಬಿನ ಚಾಲಕರು ಫೋನಿನಲ್ಲಿ ಮಾತಾಡುತ್ತಿದ್ದರೆ ಸುಮ್ಮನಿರಬೇಡಿ. ರೇಗಿದರೆ ಅವರ ಗಮನ ಇನ್ನಷ್ಟು ಕೆಡುತ್ತದೆ. ‘ಅಣ್ಣಾ, ಒಂದ್ನಿಮಿಷ ಪಕ್ಕಕ್ಕೆ ಹಾಕಿ ಮಾತಾಡಿ, ನನಗೇನೂ ಅವಸರ ಇಲ್ಲ’ ಎಂದರೆ ಬಹಳ ಸಲ ಅವರೇ ಕರೆ ಮುಗಿಸುತ್ತಾರೆ. ಬಸ್ಸಿನಲ್ಲಾದರೆ ಕಂಡಕ್ಟರಿಗೆ ಹೇಳಿ, ಬಸ್ಸಿನ ನಂಬರು ಬರೆದುಕೊಳ್ಳಿ.

ಕಾನೂನಿನಲ್ಲಿ ಏನಿದೆ

ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ 2019ರ ತಿದ್ದುಪಡಿಯ ನಂತರ, ಕೈಯಲ್ಲಿ ಹಿಡಿದು ಫೋನ್ ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ತಪ್ಪಿಗೆ ಆರು ತಿಂಗಳಿಂದ ಒಂದು ವರ್ಷದ ಸೆರೆ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಸೆರೆ, ಅಥವಾ 10,000 ರೂಪಾಯಿ, ಅಥವಾ ಎರಡೂ. ಲೈಸೆನ್ಸ್ ಅಮಾನತಿಗೂ ಅವಕಾಶವಿದೆ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಕನಿಷ್ಠ ಮೂರು ತಿಂಗಳ ಅಮಾನತಿಗೆ ಸೂಚಿಸಿತ್ತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ನಗರದ ದೊಡ್ಡ ಜಂಕ್ಷನ್ನುಗಳಲ್ಲೂ ಈಗ ಕ್ಯಾಮೆರಾಗಳೇ ಫೋಟೊ ತೆಗೆದು ನೋಟಿಸ್ ಕಳಿಸುತ್ತವೆ. ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ ಐದು ವರ್ಷದವರೆಗೆ ಶಿಕ್ಷೆ ಇದೆ. ಫೋನ್ ಕಂಪನಿಯ ಕರೆ ದಾಖಲೆಯಲ್ಲಿ ನಿಮಿಷ ಸೆಕೆಂಡ್ ಸಮೇತ ಎಲ್ಲವೂ ಇರುತ್ತದೆ.

ಫೋನ್ ನಿಜವಾಗಿ ಬೇಕಾಗುವ ಹೊತ್ತು

ಅಪಘಾತ ಕಂಡರೆ ಓಡಿಸುತ್ತಲೇ ವಿಡಿಯೊ ಮಾಡಬೇಡಿ, ನಿಧಾನಿಸಿ ಇಣುಕುವುದೂ ಬೇಡ, ಹಿಂದಿನವರು ಬಂದು ಗುದ್ದುತ್ತಾರೆ. ದಾಟಿ ಮುಂದೆ ಹೋಗಿ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, 108 ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಯಾವ ಊರಿನಿಂದ ಯಾವ ಊರಿಗೆ ಹೋಗುವ ಕಡೆ, ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಎಷ್ಟು, ಗಾಯಗೊಂಡವರು ಎಷ್ಟು ಮಂದಿ, ಈ ಮೂರನ್ನು ಮೊದಲು ಹೇಳಿ. ನೆರವಾದವರನ್ನು ಕಾಯುವ ಕಾನೂನು ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ನಿನಲ್ಲಿದೆ. ನಿಮ್ಮ ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ.

ನಿಮಗೇ ಏನಾದರೂ ಆದರೆ ಲಾಕ್ ಆದ ಫೋನೂ ಮಾತಾಡುವಂತೆ ಮಾಡಿಡಿ. ಐಫೋನಿನ ಹೆಲ್ತ್ ಆ್ಯಪಿನಲ್ಲಿ ‘ಮೆಡಿಕಲ್ ಐಡಿ’, ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’. ರಕ್ತದ ಗುಂಪು, ಸಕ್ಕರೆ ಕಾಯಿಲೆಯಂಥವು, ಒಗ್ಗದ ಔಷಧಿ, ಮನೆಯ ಇಬ್ಬರ ನಂಬರು ತುಂಬಿ, ಲಾಕ್ ಆದಾಗಲೂ ಕಾಣಲಿ ಎಂಬ ಗುಂಡಿ ಆನ್ ಮಾಡಿ. ಆಮೇಲೆ ಫೋನ್ ಲಾಕ್ ಮಾಡಿ, ‘ಎಮರ್ಜೆನ್ಸಿ’ ಒತ್ತಿ ಅದು ಕಾಣುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ.

ಈ ಏರ್ಪಾಡೆಲ್ಲ ಮಾಡಿದ ಮೊದಲ ವಾರ ಕೈ ಜೇಬಿಗೆ ಹೋಗುತ್ತಲೇ ಇರುತ್ತದೆ. ಪ್ರತಿ ದಿನ ಮನೆ ಮುಟ್ಟಿ, ಗಾಡಿಯ ಸ್ಟ್ಯಾಂಡ್ ಹಾಕಿದ ಮೇಲೆ ತಪ್ಪಿದ ಕರೆಗಳ ಪಟ್ಟಿ ತೆಗೆಯಿರಿ. ದಾರಿಯಲ್ಲಿ ಬಂದಿದ್ದವು ಎಷ್ಟು, ಅವುಗಳಲ್ಲಿ ಅರ್ಧ ಗಂಟೆ ಕಾಯಲಾಗದವು ಎಷ್ಟು ಎಂದು ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಏಳು ದಿನದ ಚೀಟಿಯನ್ನು ಮನೆಯವರಿಗೂ ತೋರಿಸಿ.